ಅಪ್ಪ ಬೇಡವೆಂದ ಮೂರು ಕರೆಗಳು

ನನ್ನ ಮೊದಲ ಮೊಬೈಲ್ ಫೋನು ನನಗಿಂತ ಪ್ರಾಮಾಣಿಕವಾಗಿತ್ತು. ಕರೆಯ ನಡುವೆ ರೆಕಾರ್ಡ್ ಗುಂಡಿ ಒತ್ತಿದರೆ ಐದಾರು ಸೆಕೆಂಡಿಗೊಮ್ಮೆ ‘ಟೀಂ’ ಎನ್ನುತ್ತಿತ್ತು. ಆ ಸದ್ದು ನನಗೂ ಕೇಳಿಸುತ್ತಿತ್ತು, ಆ ಕಡೆ ಇದ್ದವರಿಗೂ ಕೇಳಿಸುತ್ತಿತ್ತು. ಒಬ್ಬರ ಮಾತನ್ನು ಹಿಡಿದಿಡುವಾಗ ಅದು ಅವರಿಗೆ ಗೊತ್ತಾಗಲಿ ಎಂದು ಯಾರೋ ಎಲ್ಲೋ ಕುಳಿತು ಯೋಚಿಸಿದ್ದರು. ನಾನದನ್ನು ಫೋನಿನ ದೋಷ ಎಂದುಕೊಂಡಿದ್ದೆ.

ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾಗಿ ಜಿಲ್ಲೆಯಾದ ವರ್ಷವದು. ನಾನು ಗೌರಿಬಿದನೂರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಬಿ.ಎ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದಕ್ಕಿಂತ ವಾದಿಸುತ್ತಿದ್ದೆ ಅನ್ನುವುದು ಸರಿ. ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಕಾಲೇಜಿನಿಂದ ನನ್ನನ್ನೇ ಕಳಿಸುತ್ತಿದ್ದರು. ಪರ ಅಂದರೆ ಪರ, ವಿರೋಧ ಅಂದರೆ ವಿರೋಧ. ಚೀಟಿಯಲ್ಲಿ ಏನು ಬಂದರೂ ನನಗೆ ಒಂದೇ. ಮನೆಗೆ ಹೋದಾಗ ಅಮ್ಮ ಉಪ್ಪು ಸರಿಯಾಗಿದೆಯಾ ಎಂದು ಕೇಳಲೂ ಹೆದರುತ್ತಿದ್ದಳು.

ಮನೆ ಶಿಡ್ಲಘಟ್ಟದಲ್ಲಿ. ಅಪ್ಪ ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದ. ಜಂಗಮಕೋಟೆ ಕಡೆಯಿಂದ, ಚಿಂತಾಮಣಿ ಕಡೆಯಿಂದ ರೈತರು ಬೆಳಗ್ಗೆಯೇ ಗೂಡು ತಂದು ಸಾಲು ಸಾಲು ಜಾಲರಿಗಳಲ್ಲಿ ಸುರಿಯುತ್ತಿದ್ದರು. ಗೂಡು ಕೊಂಡು ನೂಲು ತೆಗೆಯುವ ರೀಲರುಗಳು ಒಂದೊಂದು ಜಾಲರಿಗೂ ಕೈಹಾಕಿ, ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಆ ಗದ್ದಲದ ಮೇಲೆ ಅಪ್ಪನ ಧ್ವನಿ ತೇಲುತ್ತಿತ್ತು: “ಒಂದನೇ ಸಾರಿ... ರೆಂಡೋ ಸಾರಿ...” ಮೊದಲನೆಯದು ಕನ್ನಡ, ಎರಡನೆಯದು ತೆಲುಗು. ಮೂರನೆಯದು ರೀಲರುಗಳಿಗಾಗಿ ಉರ್ದುವಿನಲ್ಲಿ, “ತೀಸ್ರೀ ಬಾರ್!” ಅದರ ಜೊತೆಗೇ ಕೈಯಲ್ಲಿದ್ದ ಪೆನ್ಸಿಲಿನಿಂದ ಜಾಲರಿಯ ಅಂಚಿಗೆ ಟಕ್ ಎಂದು ಒಂದು ಏಟು. ಏಟು ಬಿತ್ತೆಂದರೆ ವ್ಯಾಪಾರ ಮುಗಿಯಿತು. ಅದು ಬೀಳುವವರೆಗೆ ರೈತ ತನ್ನ ಮನಸ್ಸು ಬದಲಾಯಿಸಬಹುದಿತ್ತು. ಕೂಗಿದ ಬೆಲೆ ಹಿಡಿಸದಿದ್ದರೆ ‘ವದ್ದು’, ಬೇಡ, ಎಂದು ತೆಲುಗಿನಲ್ಲಿ ಅಂದುಬಿಟ್ಟರೆ ಸಾಕು, ಅಪ್ಪ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ ಮುಂದಿನ ಜಾಲರಿಗೆ ಹೋಗುತ್ತಿದ್ದ.

ಆ ಧ್ವನಿ ಒಡೆಯಲು ಶುರುವಾದದ್ದು ಬೇಸಿಗೆಯಲ್ಲಿ. ಮೊದಲು ಧೂಳು ಅಂದುಕೊಂಡೆವು, ಆಮೇಲೆ ಶೀತ. ಯಾರೋ ಜೇನು ಅಂದರು, ಯಾರೋ ಪೆರೇಸಂದ್ರದ ಕಡೆ ಒಬ್ಬರು ಬೂದಿ ಮಂತ್ರಿಸಿ ಕೊಡುತ್ತಾರೆ ಅಂದರು. “ಎಷ್ಟು ಜನಕ್ಕೆ ವಾಸಿಯಾಗಿದೆ? ಹೆಸರು ಹೇಳಿ, ನಾನೇ ಹೋಗಿ ಕೇಳ್ಕೊಂಡು ಬರ್ತೀನಿ” ಎಂದು ನಾನು ಜಗಳ ತೆಗೆದೆ. ಕೊನೆಗೆ ಬೆಂಗಳೂರಿನ ಆಸ್ಪತ್ರೆಯಲ್ಲಿ ಗಂಟಲೊಳಗೆ ಗಡ್ಡೆ ಇದೆ ಅಂದರು. ಪ್ರಾಣಕ್ಕೆ ಭಯವಿಲ್ಲ, ಆದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು. ಉಸಿರಾಡಲು ಕತ್ತಿನ ಬುಡದಲ್ಲಿ ಒಂದು ತೂತು. ಆಮೇಲೆ ಮಾತಿಲ್ಲ. ಇನ್ನು ಮೂರು ವಾರಕ್ಕೆ ಆಪರೇಷನ್ನಿನ ದಿನ ಗೊತ್ತಾಯಿತು.

ಮಾರುಕಟ್ಟೆಯವರು ಅಪ್ಪನನ್ನು ಕೂಗುವ ಕೆಲಸದಿಂದ ಬಿಡಿಸಿ ತೂಕದ ಕಡೆ ಕೂರಿಸಿದರು. ಹರಾಜು ಮುಗಿದ ಮೇಲೆ, ಮಧ್ಯಾಹ್ನ ಒಂದೂವರೆಗೆ, ಅಪ್ಪ ಟೀ ಅಂಗಡಿಯ ಬೆಂಚಿನಿಂದ ನನಗೆ ಫೋನ್ ಮಾಡುತ್ತಿದ್ದ. ಅದು ಮೊದಲಿನಿಂದಲೂ ಇದ್ದ ರೂಢಿ. ಆಪರೇಷನ್ನಿಗೆ ಮೊದಲು ಉಳಿದ ಒಂದೂವರೆಗಳನ್ನು ಎಣಿಸಿ ನೋಡಿದೆ. ಬೆರಳಿನ ಗೆಣ್ಣುಗಳಲ್ಲೇ ಮುಗಿದುಹೋದವು.

ಅಂದು ಕಾಲೇಜಿನ ಮೆಟ್ಟಿಲ ಮೇಲೆ ಕೂತು ಗುಂಡಿ ಒತ್ತಿದೆ. ‘ಟೀಂ.’

“ಏನದು?” ಅಂದ ಅಪ್ಪ. ಆ ಕಿವಿ ನೂರು ಜನರ ಗದ್ದಲದಲ್ಲಿ ಯಾರು ಏನು ಕೂಗಿದರು ಎಂದು ಹೆಕ್ಕುತ್ತಿದ್ದ ಕಿವಿ.

“ರೆಕಾರ್ಡ್ ಮಾಡ್ತಾ ಇದ್ದೀನಿ ಅಪ್ಪಾ. ನೀನು ಮಾತಾಡು.”

“ಬೇಡ ಕಣಮ್ಮ.”

“ಯಾಕೆ?”

“ಬೇಡ ಅಂದ್ನಲ್ಲ ತಾಯಿ.”

“ಬೇಡ ಅನ್ನೋದು ಕಾರಣ ಅಲ್ಲ. ಕಾರಣ ಹೇಳು. ನಾನು ಒಪ್ತೀನಿ, ಇಲ್ಲಾಂದ್ರೆ ಖಂಡಿಸ್ತೀನಿ.”

ಅಪ್ಪ ಕೆಮ್ಮಿದ, ಅಥವಾ ನಕ್ಕ. ಆಗ ಎರಡೂ ಒಂದೇ ಥರ ಕೇಳಿಸುತ್ತಿದ್ದವು. “ರೈತ ವದ್ದು ಅಂದ್ರೆ ನಾನು ಯಾಕಪ್ಪ ಅಂತ ಕೇಳ್ತೀನಾ? ಲಾಟ್ ಅವನದು.”

“ಈ ಕರೇಲಿ ಅರ್ಧ ಮಾತು ನಂದು. ನಾನೂ ಪಾಲುದಾರಳು.”

“ಹಂಗಾರೆ ನಿನ್ನ ಅರ್ಧ ನೀನು ಹಿಡ್ಕೊ” ಎಂದು ಅಪ್ಪ ಸುಮ್ಮನಾಗಿಬಿಟ್ಟ. ಫೋನಿನಲ್ಲಿ ‘ಟೀಂ’ ಮತ್ತು ಲೋಟಗಳ ಸದ್ದು. ನಾನು ನಿಲ್ಲಿಸುವ ತನಕ ಒಂದಕ್ಷರ ಆಡಲಿಲ್ಲ.

ಸೋಲು ನನಗೆ ಅಭ್ಯಾಸವಿರಲಿಲ್ಲ. ಮುಂದಿನ ಶನಿವಾರ ಚಿಕ್ಕಬಳ್ಳಾಪುರದಲ್ಲಿ ಒಂದು ಸ್ಪರ್ಧೆಯಿತ್ತು. ತೀರ್ಪುಗಾರರಲ್ಲಿ ಒಬ್ಬರು ಹಿರಿಯ ವಕೀಲರು. ಬಹುಮಾನ ಕೊಟ್ಟು ಮೆಟ್ಟಿಲಿಳಿಯುತ್ತಿದ್ದವರನ್ನು ಅಡ್ಡಹಾಕಿ ಕೇಳಿದೆ: ಫೋನಿನಲ್ಲಿ ಮಾತಾಡುವ ಇಬ್ಬರಲ್ಲಿ ಒಬ್ಬರು ಬೇಡವೆಂದರೂ ಇನ್ನೊಬ್ಬರು ಮುದ್ರಿಸಿಕೊಂಡರೆ ಅಪರಾಧವೇ?

ಅವರು ಕೊಡೆ ಊರಿಕೊಂಡು ನಿಂತರು. “ನೀನೇ ಮಾತಾಡ್ತಾ ಇರೋಳಾದ್ರೆ, ಅದನ್ನ ನೇರವಾಗಿ ಅಪರಾಧ ಅನ್ನೋ ಸೆಕ್ಷನ್ ಯಾವುದೂ ನನಗೆ ಗೊತ್ತಿಲ್ಲಮ್ಮ. ಇಬ್ಬರ ಮಾತನ್ನ ಮೂರನೆಯವನು ಕದ್ದು ಕೇಳಿದ್ರೆ ಅದು ಬೇರೆ. ಕೋರ್ಟು ಟೇಪನ್ನ ನೋಡುತ್ತೆ. ಧ್ವನಿ ಯಾರದು ಅಂತ ಗೊತ್ತಾಗ್ಬೇಕು, ತಿದ್ದಿರಬಾರದು, ಕೇಸಿಗೆ ಸಂಬಂಧ ಇರ್ಬೇಕು.”

“ಬೇಡ ಅಂದಿದ್ರೆ?”

“ಅಲ್ಲಿ ತಕರಾರಿದೆ. ಖಾಸಗಿತನ ಅಂತ ಎದುರು ಪಾರ್ಟಿ ಎತ್ತಬಹುದು. ಗಟ್ಟಿಯಾಗಿ ಹಿಂಗೇ ಅಂತ ಯಾರೂ ಹೇಳೋಕಾಗಲ್ಲ.” ಆಮೇಲೆ ಕನ್ನಡಕದ ಮೇಲಿನಿಂದ ನೋಡಿದರು. “ಎದುರು ಪಾರ್ಟಿ ಯಾರು?”

“ನಮ್ಮಪ್ಪ.”

“ಅಯ್ಯೋ, ಅಪ್ಪನ ಮೇಲೆ ಕೇಸಾ? ಆಸ್ತೀದಾ?”

ವಿಷಯ ಹೇಳಿದೆ. ಅವರು ಕೊಡೆಯ ತುದಿಯಿಂದ ನೆಲ ಕೆದಕಿದರು. “ಇದಕ್ಕೆ ನನ್ನ ಯಾಕಮ್ಮ ಕೇಳ್ತೀಯ? ಕಾನೂನು ಅಡ್ಡ ಬರಲ್ಲ, ಸರಿ. ಅಷ್ಟಕ್ಕೇ ದಾರಿ ಇದೆ ಅಂತ ಆಯ್ತಾ?”

ಅವರ ಮಾತಿನಲ್ಲಿ ನನಗೆ ಬೇಕಾಗಿದ್ದು ಮೊದಲನೆಯ ಅರ್ಧ ಮಾತ್ರ. ವಾದಿಸುವವರಿಗೆ ಇದು ರೂಢಿ. ಆಧಾರ ಗ್ರಂಥದಿಂದ ನಮಗೆ ಬೇಕಾದ ಸಾಲಿನ ತನಕ ಓದಿ ಪುಸ್ತಕ ಮುಚ್ಚುತ್ತೇವೆ.

ಚಿಂತಾಮಣಿ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿಯವನೊಬ್ಬ ಫೋನಿಗೆ ಬೇರೆ ಸಾಫ್ಟ್‌ವೇರ್ ಹಾಕಿ ಆ ಸದ್ದು ತೆಗೆಯುತ್ತಾನೆಂದು ಗೆಳತಿ ಹೇಳಿದ್ದಳು. ಹೋದೆ. ಅವನು ಏನೂ ಕೇಳಲಿಲ್ಲ, ಒಂದು ವೈರು ಸಿಕ್ಕಿಸಿ ಹತ್ತು ನಿಮಿಷದಲ್ಲಿ ವಾಪಸ್ ಕೊಟ್ಟ. “ಇನ್ಮೇಲೆ ಬಾಯಿ ಬಿಡಲ್ಲ ನೋಡಿ ಮೇಡಂ ಇದು” ಅಂದ.

ಸೋಮವಾರ, ಮಂಗಳವಾರ, ಬುಧವಾರ. ಮೂರು ಕರೆ ಹಿಡಿದೆ. ಮೊದಲ ದಿನ ಅಪ್ಪ ಕೇಳಿದ, “ಇವತ್ತು ಆ ಟೀಂ ಇಲ್ವಾ?”

“ಇಲ್ಲ” ಅಂದೆ. ಸದ್ದು ಇಲ್ಲ ಅನ್ನುವುದು ಸತ್ಯವೇ ಆಗಿತ್ತು. ಆ ಉತ್ತರದ ಬಗ್ಗೆ ಒಳಗೊಳಗೇ ಹೆಮ್ಮೆಯೂ ಆಯಿತು.

“ಒಳ್ಳೇ ಮಗಳು” ಅಂದ ಅಪ್ಪ.

ಗುರುವಾರ ತರಗತಿ ಇರಲಿಲ್ಲ. ಗೌರಿಬಿದನೂರು ರೈಲ್ವೆ ಸ್ಟೇಷನ್ನಿನ ಕಲ್ಲು ಬೆಂಚಿನ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಹಾಕಿ ಮೂರನ್ನೂ ಕೇಳಿದೆ. ಮತ್ತೊಮ್ಮೆ ಕೇಳಿದೆ. ಸ್ಪರ್ಧೆಯಲ್ಲಿ ಸಮಯಪಾಲಕರು ಗಂಟೆ ಬಾರಿಸಿ ಇಬ್ಬರಿಗೂ ಸಮಾನ ನಿಮಿಷ ಕೊಡುತ್ತಾರೆ. ಅದೇ ಅಭ್ಯಾಸದಿಂದ ಕೈಗಡಿಯಾರ ನೋಡಿಕೊಂಡು ಅಳೆದೆ. ಮೂರೂ ಸೇರಿ ಹನ್ನೆರಡು ನಿಮಿಷದಲ್ಲಿ ಅಪ್ಪನದು ಎರಡು ನಿಮಿಷವೂ ತುಂಬುತ್ತಿರಲಿಲ್ಲ. ಉಳಿದದ್ದೆಲ್ಲ ನಾನು. ಡಾಕ್ಟರ್ ಹೀಗಂದರಾ, ಅದನ್ನು ಯಾಕೆ ಕೇಳಲಿಲ್ಲ, ಮಾತ್ರೆ ತಗೊಂಡೆಯಾ, ಬೂದಿ ಗೀದಿ ಹಚ್ಚಿಸಿಕೊಂಡೆಯಾ. ಅಪ್ಪನ ಒಡೆದ ಗಂಟಲಿಗೆ ಒಂದು ಮಾತು ಎತ್ತಲು ಹೊತ್ತು ಬೇಕು. ಆ ಹೊತ್ತನ್ನೆಲ್ಲ ನಾನು ತುಂಬಿದ್ದೆ.

ಮಂಗಳವಾರದ ಕರೆಯಲ್ಲಿ ಒಂದು ಕಡೆ ಅಪ್ಪ ಶುರುಮಾಡುತ್ತಾನೆ: “ನೀನು ಚಿಕ್ಕೋಳಿದ್ದಾಗ ಒಂದ್ಸಲ ಮಾರ್ಕೆಟ್‌ಗೆ ಬಂದಿದ್ದೆ ನೋಡು...”

ಅಲ್ಲಿ ನನ್ನ ಧ್ವನಿ ನುಗ್ಗುತ್ತದೆ: “ಗೊತ್ತಪ್ಪಾ, ಸಾವಿರ ಸಲ ಹೇಳಿದ್ದೀಯ. ಸ್ಕ್ಯಾನಿಂಗ್ ರಿಪೋರ್ಟ್ ಬಂತಾ?”

“ಬಂತಮ್ಮ” ಅನ್ನುತ್ತಾನೆ ಅಪ್ಪ.

ನಾನು ಕದ್ದು ಉಳಿಸಿಕೊಂಡದ್ದು ಅಪ್ಪನ ಧ್ವನಿಯನ್ನಲ್ಲ, ನನ್ನದನ್ನೇ. ಮುಂದೆ ಯಾವಾಗಲಾದರೂ ನೆನಪಾಗಿ ಇದನ್ನು ಹಾಕಿಕೊಂಡು ಕೂತರೆ ಕೇಳಿಸುವುದು, ಒಬ್ಬ ಮನುಷ್ಯ ಮಾತಾಡಲು ಬಾಯಿ ತೆರೆದಾಗಲೆಲ್ಲ ಅವನನ್ನು ಗೆಲ್ಲುತ್ತಿರುವ ಒಬ್ಬ ಹುಡುಗಿ. ಹಿಂದೂಪುರದ ಕಡೆಯ ರೈಲು ಬಂದು ನಿಂತು ಹೊರಟುಹೋಯಿತು. ಎದ್ದು ಬಸ್ ಹಿಡಿದೆ. ಚಿಕ್ಕಬಳ್ಳಾಪುರದಲ್ಲಿ ಇಳಿದು ಬೇರೆ ಬಸ್ಸಿಗೆ ಕಾದು, ಶಿಡ್ಲಘಟ್ಟ ಸೇರಿದಾಗ ನಾಲ್ಕು ಗಂಟೆ.

ಅಪ್ಪ ಮನೆಯ ಮುಂದಿನ ಜಗಲಿಯಲ್ಲಿ ಬಟಾಣಿ ಸುಲಿಯುತ್ತಿದ್ದ. ಅಮ್ಮ ಒಳಗಿನಿಂದ, “ಏನೇ ಇದ್ದಕ್ಕಿದ್ದಂಗೆ? ಯಾರ ಜೊತೆ ಜಗಳ ಆಡ್ಕೊಂಡು ಬಂದೆ?” ಅಂದಳು.

“ಅಪ್ಪನ ಜೊತೆ” ಅಂದೆ. ಎದುರು ಕೂತು ಫೋನನ್ನು ಬಟಾಣಿಯ ಮೊರದ ಪಕ್ಕ ಇಟ್ಟೆ. “ಸದ್ದು ತೆಗೆಸ್ದೆ. ನೀನು ಬೇಡ ಅಂದ್ಮೇಲೂ ಮೂರು ಕಾಲ್ ರೆಕಾರ್ಡ್ ಮಾಡ್ದೆ. ಕಾನೂನಿನಲ್ಲಿ ಅಪರಾಧ ಅಂತಿಲ್ಲ, ವಕೀಲರನ್ನ ಕೇಳ್ದೆ.”

ಆ ಕೊನೆಯ ವಾಕ್ಯವನ್ನು ನಾನು ಯಾಕೆ ಸೇರಿಸಿದೆನೋ ಇವತ್ತಿಗೂ ಗೊತ್ತಿಲ್ಲ.

ಅಪ್ಪ ಸಿಟ್ಟಾಗಲಿಲ್ಲ. ಫೋನನ್ನು ಎತ್ತಿ ಹಿಂದೆ ಮುಂದೆ ನೋಡಿದ. “ಹಾಕು, ಕೇಳಣ.”

ಹಾಕಿದೆ. ಅಪ್ಪ ತಲೆ ಬಗ್ಗಿಸಿಕೊಂಡು ಕೇಳಿದ. ನನ್ನ ಧ್ವನಿ ಬಂದಾಗಲೆಲ್ಲ ಮುಗುಳ್ನಗುತ್ತಿದ್ದ, ತನ್ನದು ಬಂದಾಗ ಬಟಾಣಿಯ ಸಿಪ್ಪೆಯನ್ನು ಹಿಸುಕುತ್ತಿದ್ದ. ಮೊದಲನೆಯದು ಮುಗಿಯುವ ಮೊದಲೇ, “ಸಾಕು” ಅಂದ. ಆಮೇಲೆ, ನಡುನಡುವೆ ಉಸಿರೆಳೆದುಕೊಳ್ಳುತ್ತ, ನಾನು ಕೇಳಿದ್ದ ಕಾರಣವನ್ನು ಕೊಟ್ಟ.

“ರೀಲರು ಜಾಲರಿಗೆ ಕೈ ಹಾಕಿ ಒಂದು ಹಿಡಿ ಎತ್ತುತಾನೆ. ಆ ಹಿಡೀಲಿ ಕಲೆ ಗೂಡು ಬಂದ್ರೆ, ಇಡೀ ಲಾಟ್ ಹಂಗೇ ಅಂತ ಬಿಟ್ಟು ಹೋಗ್ತಾನೆ. ತಳದಲ್ಲಿ ಎಷ್ಟು ಒಳ್ಳೇ ಗೂಡಿದ್ರೂ ಅಷ್ಟೆ.” ಕೈಯಲ್ಲಿದ್ದ ಸಿಪ್ಪೆಯನ್ನು ಕೆಳಗಿಟ್ಟ. “ಇದು ಕಲೆ ಗೂಡು ಕಣಮ್ಮ. ನೀನು ಇದನ್ನ ಇಟ್ಕೊಂಡ್ರೆ ಇದನ್ನೇ ಕೇಳ್ತೀಯ. ಹತ್ತು ಸಲ ಕೇಳಿದ್ಮೇಲೆ ನಿಮ್ಮಪ್ಪನ ಧ್ವನಿ ಇದೇ ಅನ್ಸುತ್ತೆ. ಮೊದ್ಲಿಂದು... ನಿನ್ನ ತಲೇಲಿ ಈಗ ಐತಲ್ಲ, ಅದು ಹೋಗ್ಬಿಡುತ್ತೆ.”

ಅದಕ್ಕೆ ಉತ್ತರವಿತ್ತು. ನೆನಪು ಹೇಗಿದ್ದರೂ ಸವೆಯುತ್ತದೆ, ಏನೂ ಇಲ್ಲದಿರುವುದಕ್ಕಿಂತ ಕಲೆ ಗೂಡೇ ಮೇಲು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪ ಇನ್ನೇನೋ ಹೇಳಲು ಉಸಿರು ಸರಿಮಾಡಿಕೊಳ್ಳುತ್ತಿದ್ದ. ನಾನು ಒಂದು ಬಟಾಣಿಕಾಯಿ ಎತ್ತಿಕೊಂಡು ಸುಲಿಯತೊಡಗಿದೆ.

“ನಿಂಗೆ ಬೇಕೇ ಬೇಕು ಅಂದ್ರೆ ಇಟ್ಕೊ” ಅಂದ ಅಪ್ಪ. “ಕಾನೂನು ಐತಂತಲ್ಲ.”

“ವದ್ದು” ಅಂದೆ.

ಮೂರನ್ನೂ ಅಪ್ಪನ ಎದುರೇ ಅಳಿಸಿದೆ. ಪ್ರತಿ ಸಲವೂ ಆ ಫೋನು ‘ಖಂಡಿತವೇ?’ ಎಂದು ಇಂಗ್ಲಿಷಿನಲ್ಲಿ ಕೇಳಿತು. ಪ್ರತಿ ಸಲವೂ ಅಪ್ಪ ಬಗ್ಗಿ ನೋಡಿದ.

“ಅಪ್ಪಾ,” ಅಂದೆ, “ನಾನು ಚಿಕ್ಕೋಳಿದ್ದಾಗ ಮಾರ್ಕೆಟ್‌ಗೆ ಬಂದಿದ್ದೆ. ಆಮೇಲೆ?”

“ಸಾವಿರ ಸಲ ಹೇಳಿದ್ದೀನಲ್ಲ.”

“ಸಾವಿರದ ಒಂದು.”

ಕತೆ ನನಗೆ ಗೊತ್ತಿತ್ತು. ನಾಲ್ಕು ವರ್ಷದ ನನ್ನನ್ನು ಅಪ್ಪ ಒಂದು ಖಾಲಿ ಜಾಲರಿಯ ಅಂಚಿನಲ್ಲಿ ಕೂರಿಸಿಕೊಂಡು ಕೂಗುತ್ತಿದ್ದ. ಜಂಗಮಕೋಟೆ ಕಡೆಯ ಒಬ್ಬ ರೈತನ ಲಾಟ್. ಒಂದನೇ ಸಾರಿ, ರೆಂಡೋ ಸಾರಿ ಆಯಿತು, ಪೆನ್ಸಿಲ್ ಎತ್ತಿದ್ದಾನೆ. ನಾನು ಇದ್ದಕ್ಕಿದ್ದಂತೆ “ವದ್ದು!” ಎಂದು ಕಿರುಚಿದೆ. ಮಾರುಕಟ್ಟೆಯೆಲ್ಲ ನಕ್ಕಿತು. ಆ ರೈತ ಮಾತ್ರ ನಗದೆ ಕೈಮುಗಿದು, ಮಗುವಿನ ಬಾಯಲ್ಲಿ ಬಂದಿದೆ, ನನಗೂ ಬೇಡ, ಇನ್ನೊಂದು ಸಲ ಕೂಗಿ ಅಂದ.

ಇಲ್ಲಿಗೆ ಬಂದಾಗ ನಾನು ಯಾವಾಗಲೂ ಅಡ್ಡ ಬೀಳುತ್ತಿದ್ದೆ. ಹೈಸ್ಕೂಲಿನಿಂದಲೂ. ಎರಡನೇ ಸಲ ಜಾಸ್ತಿಗೆ ಹೋಯಿತು ಅಂತ ತಾನೇ? ಅದು ಕಾಕತಾಳೀಯ ಅಪ್ಪಾ, ಶಕುನ ಅಲ್ಲ, ಒಂದು ಸಲದಿಂದ ಏನೂ ಸಾಬೀತಾಗಲ್ಲ. ಅಪ್ಪ ನಕ್ಕು, ಹೂಂ ಕಣಮ್ಮ, ಎಂದು ಎದ್ದುಹೋಗುತ್ತಿದ್ದ.

ಅಂದು ಬಾಯಿಗೆ ಎರಡು ಬಟಾಣಿ ಹಾಕಿಕೊಂಡು ಕೂತೆ. ಅಪ್ಪನ ಉಸಿರು ಒಂದು ಸಲ ಹೋಗಿ ಬಂತು. ಇನ್ನೊಂದು ಸಲ.

“ಎರಡನೇ ಸಲ ಕೂಗ್ದೆ” ಅಂದ. “ಕಡಿಮೆಗೆ ಹೋಯ್ತು.”

“ಕಡಿಮೆಗಾ?”

“ಹೂಂ. ಮೊದಲನೇದಕ್ಕಿಂತ ಕಡಿಮೆ. ನಂಗೆ ಪ್ರಾಣ ಹೋದಂಗಾಯ್ತು. ಆವಪ್ಪನ ಹತ್ರ ಹೋಗಿ, ಮಗು ಏನೋ ಅಂತು, ತಪ್ಪು ತಿಳ್ಕೋಬೇಡಿ ಸಾಮಿ ಅಂದೆ. ಅದಕ್ಕೆ ಅವನು ಏನಂದ ಗೊತ್ತಾ? ‘ಇಷ್ಟು ವರ್ಷ ಗೂಡು ತರ್ತಾ ಇದ್ದೀನಿ, ಒಂದು ಸಲಾನೂ ವದ್ದು ಅನ್ನೋಕೆ ಬಾಯಿ ಬಂದಿರ್ಲಿಲ್ಲ. ನಿಮ್ಮ ಮಗಳು ಹೇಳ್ಕೊಟ್ಟಳು.’ ನಿನ್ನ ಫ್ರಾಕಿನ ಜೇಬಿಗೆ ಒಂದು ಹಿಡಿ ಗೂಡು ಹಾಕ್ದ. ಆಮೇಲೆ ಯಾವಾಗ ಬಂದ್ರೂ ‘ಎಲ್ಲಿ ನಮ್ಮ ಲಾಯರಮ್ಮ?’ ಅಂತಾನೇ ಕೇಳ್ತಿದ್ದ.”

ಆರೇಳು ವರ್ಷ ನಾನು ಅಪ್ಪ ಹೇಳದೇ ಇದ್ದ ಮಾತನ್ನು ಖಂಡಿಸಿಕೊಂಡು ಬಂದಿದ್ದೆ. ಅಷ್ಟೂ ವರ್ಷ ಕತೆಯ ಕೊನೆ ನನ್ನ ವಾದದ ಆಚೆಗೆ ಸುಮ್ಮನೆ ಕಾದು ಕೂತಿತ್ತು.

“ಯಾಕಪ್ಪಾ ಒಂದ್ಸಲಾನೂ ಹೇಳ್ಲಿಲ್ಲ?”

“ನೀನು ಬಿಟ್ರೆ ತಾನೆ!” ಎಂದು ಅಮ್ಮ ಒಳಗಿನಿಂದಲೇ ಕೂಗಿದಳು.

ಉಳಿದ ದಿನಗಳಲ್ಲಿ ನಾನು ಮನೆಯಲ್ಲೇ ಇದ್ದೆ. ಅಪ್ಪ ಬಹಳ ಮಾತಾಡಿದನೆಂದೇನಲ್ಲ. ಹಾಗೆ ಹೇಳಿದರೆ ಸುಳ್ಳಾಗುತ್ತದೆ. ಬಟಾಣಿ ಚೆನ್ನಾಗಿದೆ ಅಂದ, ಗೋಡೆಯ ಮೇಲಿನ ಬುದ್ಧನ ಪಟದ ಗಾಜು ಒರೆಸು ಅಂದ, ನೀನು ಲಾ ಓದು ಅಂದ. ಆಪರೇಷನ್ನಿಗೆ ಕರೆದೊಯ್ಯುವ ಬೆಳಗ್ಗೆ ಆಸ್ಪತ್ರೆಯ ಓಣಿಯಲ್ಲಿ ಕೊನೆಯದಾಗಿ ಆಡಿದ್ದು, “ನಿಮ್ಮಮ್ಮ ತಿಂಡಿ ತಿಂದಿಲ್ಲ, ನೋಡ್ಕೊ.”

ಎಚ್ಚರವಾಗಿ ಎರಡು ದಿನದ ಮೇಲೆ ಅಪ್ಪನಿಗೆ ಒಂದು ಸ್ಲೇಟು ತಂದುಕೊಟ್ಟೆ. ಬಹಳ ಹೊತ್ತು ಏನೋ ಯೋಚಿಸಿ, ಬಳಪ ಹಿಡಿದು ಬರೆದು ನನ್ನ ಕಡೆ ತಿರುಗಿಸಿದ. ‘ಈಗ ರೆಕಾರ್ಡ್ ಮಾಡ್ಕೊ. ನನ್ನ ತಕರಾರಿಲ್ಲ.’ ನಾನು ಅತ್ತುಬಿಟ್ಟೆ, ಅಮ್ಮ ಬೈದಳು, ಅಪ್ಪನ ಹೆಗಲು ಕುಣಿಯುತ್ತಿತ್ತು. ನಗುವಾಗ ಹೆಗಲು ಮೊದಲಿಂದಲೂ ಹಾಗೇ ಕುಣಿಯುತ್ತಿತ್ತು. ಸದ್ದಿನ ಕಡೆಗೇ ಕಿವಿ ಇದ್ದ ನಾನು ಅದನ್ನು ಗಮನಿಸಿರಲಿಲ್ಲ.

ಮತ್ತೆ ಚಿಂತಾಮಣಿಗೆ ಹೋದೆ. “ಆ ಟೀಂ ವಾಪಸ್ ಹಾಕಿ ಕೊಡಿ” ಅಂದೆ. ರಿಪೇರಿಯವನು ಫೋನು ಬಿಟ್ಟು ನನ್ನನ್ನೇ ನೋಡಿದ. “ತೆಗೀರಿ ಅಂತ ಬರೋರೇ ಎಲ್ರೂ. ಹಾಕಿ ಅನ್ನೋರು ನೀವೇ ಮೊದಲು ಮೇಡಂ.”

ಅಪ್ಪ ಮಾರುಕಟ್ಟೆಯ ತೂಕದ ಕಡೆಗೆ ಮರಳಿದ, ನಾನು ಗೌರಿಬಿದನೂರಿಗೆ. ಮೊದಲ ಸೋಮವಾರ ಒಂದೂವರೆಗೆ ಫೋನ್ ಬಡಿದುಕೊಂಡಿತು. ಎತ್ತಿದೆ. ಲೋಟಗಳ ಸದ್ದು, ಯಾರದೋ ತೆಲುಗು, ಕತ್ತಿನ ಬುಡದಿಂದ ಬರುವ ಉಸಿರಿನ ಸಣ್ಣ ಸಿಳ್ಳು. ಆಮೇಲೆ ಫೋನಿನ ಬೆನ್ನಿಗೆ ಪೆನ್ಸಿಲಿನ ಏಟು. ಟಕ್.

ಒಂದು ಏಟು ಅಂದರೆ ಹೂಂ. ಎರಡು ಅಂದರೆ ವದ್ದು. ಮೂರು ಅಂದರೆ ಇವತ್ತಿಗೆ ಮುಗಿಯಿತು, ಇಡು. ಇದನ್ನು ನಾವು ಕೂತು ನಿಶ್ಚಯ ಮಾಡಿಕೊಂಡದ್ದಲ್ಲ. ಎರಡೇ ದಿನದಲ್ಲಿ ತಾನಾಗಿ ಹಾಗಾಯಿತು. ನಾನು ಒಂದು ಮಾತು ಕೇಳಿ, ಏಟು ಬೀಳುವ ತನಕ ಕಾಯುವುದನ್ನು ಕಲಿತೆ. ಅದು ಕಷ್ಟದ ಕಲಿಕೆಯಾಗಿತ್ತು. ಸ್ಪರ್ಧೆಗಳಲ್ಲಿ ನನ್ನ ಅಂಕ ಕಡಿಮೆಯಾಯಿತು ಎಂಬುದನ್ನೂ ಹೇಳಿಬಿಡುತ್ತೇನೆ.

ಒಂದು ದಿನ ಕೇಳಿದೆ, “ಅಪ್ಪಾ, ಸ್ಲೇಟಲ್ಲಿ ಬರ್ದಿದ್ಯಲ್ಲ. ಈಗ ರೆಕಾರ್ಡ್ ಮಾಡ್ಲಾ?”

ಕಾದೆ. ಟಕ್.

ಗುಂಡಿ ಒತ್ತಿದೆ. ಆ ತುಣುಕು ನನ್ನ ಹತ್ತಿರ ಈಗಲೂ ಇದೆ. ‘ಟೀಂ’ ಅನ್ನುತ್ತದೆ. ಟೀ ಆಯಿತಾ ಎಂದು ನಾನು ಕೇಳುತ್ತೇನೆ. ಟಕ್. ಮಳೆ ಬಂತಾ? ಟಕ್. ಮತ್ತೆ ‘ಟೀಂ’. ಆಮೇಲೆ ಒಂದು ಉದ್ದನೆಯ ನಿಶ್ಶಬ್ದ, ಅದರಲ್ಲಿ ಅಪ್ಪನ ಉಸಿರು ಹೋಗಿ ಬರುತ್ತದೆ. ನಾನು ಅದನ್ನು ತುಂಬಲು ಹೋಗಿಲ್ಲ. ಕೊನೆಯಲ್ಲಿ, ಯಾಕೋ, ಎರಡು ಏಟು. ಟಕ್ ಟಕ್.

ಕಾರಣ ಕೇಳಲಿಲ್ಲ. ಅಲ್ಲಿಗೆ ನಿಲ್ಲಿಸಿದೆ, ಆ ತುಣುಕು ಅಷ್ಟೇ. ಆಮೇಲೂ ನಾವಿಬ್ಬರೂ ಬಹಳ ಹೊತ್ತು ಫೋನಿನಲ್ಲಿದ್ದೆವು.